ರುಕ್ಮವ್ವನ ಮನೆ ನೋಡಲು ಬಂದವರು

ರುಕ್ಮವ್ವ ತೀರಿಕೊಂಡ ಮೇಲೆ ತುಂಗಾಬಾಯಿ ಧರ್ಮನಿವಾಸದ ಅಂಗಳದಲ್ಲಿ ಒಂದು ಶೋಕಸಭೆ ಆಯಿತು. ಬಾಡಿಗೆದಾರರಿಗೆ ಶೋಕಸಭೆ ಮಾಡುವ ಪದ್ಧತಿ ಆ ನಿವಾಸದಲ್ಲಿ ಮೊದಲು ಇರಲಿಲ್ಲ. ಕಮಿಟಿಯವರಿಗೆ ಈಗ ಯಾಕೆ ಹೊಳೆಯಿತೋ ಗೊತ್ತಿಲ್ಲ. ಹೊಸ ಮೈಕು ತರಿಸಿದ್ದರು, ಅದನ್ನು ಎಲ್ಲಾದರೂ ಬಳಸಬೇಕಿತ್ತು ಎಂದು ನನ್ನ ಅನುಮಾನ. ಕಾರ್ಯದರ್ಶಿ ಪಂಢರಿನಾಥರು ಶಾಲು ಹೊದ್ದುಕೊಂಡು ಮಾತನಾಡಿದರು. ರುಕ್ಮವ್ವ ಅಲ್ಪತೃಪ್ತಳಂತೆ. ಯಾವತ್ತೂ ಏನನ್ನೂ ಕೇಳಿದವಳಲ್ಲವಂತೆ. ಸಂಸ್ಥೆ ಕೊಟ್ಟ ನೆರಳಿನಲ್ಲಿ ನೆಮ್ಮದಿಯಾಗಿ ಬಾಳಿ ಹೋದಳಂತೆ.

ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಹದಿನೈದು ವರ್ಷ ಅವಳು ನನ್ನ ಗೆಳತಿ. ಅವಳು ಈ ಊರಿನಿಂದ ಕೇಳಿದ್ದು ಒಂದೇ ಒಂದು, ಅದಕ್ಕೆ ಅಡ್ಡ ಕಾಲು ಚಾಚಿ ಕೂತಿದ್ದವರು ಇದೇ ಪಂಢರಿನಾಥರು. ಸತ್ತವರ ಮೇಲೆ ಸುಳ್ಳು ಹೊರಿಸುವುದು ಸುಲಭ. ಅವರು ಎದ್ದು ಬಂದು ಬಯ್ಯುವುದಿಲ್ಲ. ರುಕ್ಮವ್ವ ಬದುಕಿದ್ದರೆ ಬಯ್ಯುತ್ತಿದ್ದಳು. ಅವಳಷ್ಟು ಚೆನ್ನಾಗಿ ಬಯ್ಯಲು ನನಗೆ ಬರುವುದಿಲ್ಲ. ಆದದ್ದನ್ನು ಆದಂತೆ ಬರೆಯಬಲ್ಲೆ, ಅಷ್ಟೇ.

ರುಕ್ಮವ್ವ ಮುಗದ ಎಂಬ ಹಳ್ಳಿಯವಳು. ಗಂಡ ಕಲ್ಲೇಶ ಧಾರವಾಡದ ಒಂದು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ತುಂಬ ಮಾತಿಲ್ಲದ ಮನುಷ್ಯ. ದಿನವಿಡೀ ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಿಸದ ಮೇಲೆ ಮಾತಾಡುವುದು ಯಾಕೆ ಎಂದು ಬಿಟ್ಟುಬಿಟ್ಟವನಂತೆ ಇದ್ದ. ಮದಿಹಾಳದಲ್ಲಿ ಒಂದು ಸಾಲುಮನೆಯ ಒಂದು ಕೋಣೆಯಲ್ಲಿ ಅವರ ಸಂಸಾರ. ರುಕ್ಮವ್ವ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಸಪ್ತಾಪುರಕ್ಕೆ ನಡೆದು ಬಂದು, ಕೋಣೆ ಮಾಡಿಕೊಂಡಿದ್ದ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದಳು. ನಮ್ಮ ಅವ್ವನ ಕೈಯಲ್ಲಿ ಶಕ್ತಿ ಉಳಿಯದೆ ಹೋದ ಮೇಲೆ ನಮ್ಮ ಮನೆಗೂ ಅವಳ ರೊಟ್ಟಿ ಬರತೊಡಗಿತು. ಅದು ತೊಂಬತ್ತೊಂದರ ಮಾತು.

ಸಪ್ತಾಪುರ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಎರಡು ಬಗೆಯ ಜನ. ಓದಲು ಬಂದವರು ಒಂದು, ಓದಲು ಬಂದವರಿಗೆ ಕೋಣೆ ಕೊಟ್ಟು ಬದುಕುವವರು ಇನ್ನೊಂದು. ಎರಡನೆಯವರು ಊರಿನಲ್ಲೆಲ್ಲ ಸುಸಂಸ್ಕೃತರೆಂದು ಹೆಸರು ಪಡೆದಿದ್ದಾರೆ. ನಾನೂ ಅವರ ನಡುವೆಯೇ ಹುಟ್ಟಿದವಳು, ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನೌಕರಿ ಮಾಡಿದವಳು. ಹಾಗಾಗಿ ಕೇಳಿದ ಮಾತಲ್ಲ, ಕಂಡದ್ದನ್ನೇ ಬರೆಯುತ್ತಿದ್ದೇನೆ.

ರಜಾದಿನ ನಾನು ಹೊರಗಿನ ಕಟ್ಟೆಯ ಮೇಲೆ ಓದುತ್ತ ಕೂತಿದ್ದರೆ ರುಕ್ಮವ್ವ ಖಾಲಿ ಬುಟ್ಟಿ ಇಳಿಸಿ ಪಕ್ಕದಲ್ಲಿ ಕೂಡುತ್ತಿದ್ದಳು.

"ಏನ ಓದಾಕತ್ತೀರಿ ಬಾಯಾರ? ನನಗೂ ಒಂದೀಟ ಹೇಳ್ರಿ."

ಹೇಳುತ್ತಿದ್ದೆ. ದೊಡ್ಡ ದೊಡ್ಡ ಕಾದಂಬರಿಗಳನ್ನು ಅರ್ಧ ತಾಸಿನಲ್ಲಿ ಹೇಳಿ ಮುಗಿಸಬೇಕು. ಅವಳು ಕೊನೆಯವರೆಗೂ ಕೇಳಿ ತೀರ್ಪು ಕೊಡುತ್ತಿದ್ದಳು. ಒಮ್ಮೆ ಬಹಳ ಹೆಸರಾದ ಒಂದು ಕಥೆ ಹೇಳಿದೆ. ಅವಳು ಹಣೆ ಗಂಟು ಹಾಕಿಕೊಂಡಳು. "ಇಷ್ಟ ದಪ್ಪ ಪುಸ್ತಕದಾಗ ಒಬ್ಬರೂ ಒಲಿ ಹಚ್ಚಲಿಲ್ಲಲ್ಲರಿ! ಇವರು ತಿಂತಾರ ಏನ?" ಅಂದಳು. ನನಗೆ ಆ ಪುಸ್ತಕವನ್ನು ಮತ್ತೆ ಓದಲಾಗಲಿಲ್ಲ. ಪುಟ ಪುಟಕ್ಕೂ ಒಲೆ ಹುಡುಕುತ್ತಿದ್ದೆ.

ಅವಳಿಗೆ ಒಬ್ಬಳೇ ಮಗಳು, ಗೀತಾಂಜಲಿ. ಆ ಹೆಸರನ್ನು ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದ ನರ್ಸು ಇಟ್ಟದ್ದು. ಹುಡುಗಿ ಏಳನೆಯ ಇಯತ್ತೆಗೆ ಬಂದ ವರ್ಷ ರುಕ್ಮವ್ವ ಒಂದು ದಿನ ಕಥೆ ಕೇಳಲಿಲ್ಲ. ಬುಟ್ಟಿಯ ಅಂಚು ಕೀಳುತ್ತ ಕೂತಳು.

"ಬಾಯಾರ, ಸಪ್ತಾಪುರದಾಗ ಒಂದ ಮನಿ ನೋಡಬೇಕಲ್ಲರಿ."

"ಯಾಕವಾ, ಅಲ್ಲೇನು ತ್ರಾಸು?"

ತ್ರಾಸು ಏನೆಂದರೆ, ಮದಿಹಾಳದ ಆ ಸಾಲಿಗೆಲ್ಲ ಸೇರಿ ಹಿಂದುಗಡೆ ಎರಡು ಪಾಯಖಾನೆ. ಒಂದಕ್ಕೆ ಬಾಗಿಲಿರಲಿಲ್ಲ, ಇನ್ನೊಂದರ ಬಾಗಿಲಿಗೆ ಚಿಲಕವಿರಲಿಲ್ಲ. ಅದರಾಚೆ ಖಾಲಿ ಜಾಗ, ಅಲ್ಲಿ ಕುಡಿಯುವವರ ಬೈಠಕ್ಕು. ಕತ್ತಲಾದ ಮೇಲೆ ಹೆಂಗಸರು ಇಬ್ಬಿಬ್ಬರು ಕೂಡಿಯೇ ಹೋಗಬೇಕು, ಒಬ್ಬಳು ಒಳಗೆ, ಒಬ್ಬಳು ಕಾವಲು.

"ನಂದೇನ ಬಿಡ್ರಿ, ಮುಗದದಾಗ ಹೊಲದ ಕಡೆ ಹೋಗಿ ಬೆಳದಾಕಿ. ಈ ಹುಡುಗಿ ಮಧ್ಯಾಹ್ನ ಆದಮ್ಯಾಲೆ ನೀರ ಕುಡಿಯೂದ ಬಿಟ್ಟೈತ್ರಿ. ಸಾಲಿಂದ ಬಂದು ತುಟಿ ಒಣಗಿಸಿಕೊಂಡು ಕುಂದರತೈತಿ. ಕುಡಿಯ ಅಂದ್ರ ವಲ್ಲೆ ಅಂತೈತಿ."

ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಬಾಗಿಲು ಬೇಕಿತ್ತು ಅವಳಿಗೆ, ಮಗಳು ಅರ್ಧಕ್ಕೆ ಶಾಲೆ ಬಿಟ್ಟು ಮುಗದಕ್ಕೆ ಓಡಿಹೋಗುವ ಮೊದಲು. ಪಂಢರಿನಾಥರು ಮೈಕಿನಲ್ಲಿ ಇದನ್ನು ಹೇಳಲಿಲ್ಲ.

ಇಬ್ಬರೂ ಮನೆ ಹುಡುಕಿದೆವು. ಸಪ್ತಾಪುರದ ಗೇಟುಗಳೆಲ್ಲ ರುಕ್ಮವ್ವನಿಗೆ ಪರಿಚಯ. ಪ್ರತಿ ಗೇಟಿನೊಳಗೂ ಅವಳ ರೊಟ್ಟಿ ಹೋಗುತ್ತಿತ್ತು. ಆದರೆ ರೊಟ್ಟಿ ಹೋದ ದಾರಿಯಲ್ಲಿ ಅವಳು ಹೋಗುವಂತಿರಲಿಲ್ಲ. ಮೊದಲ ಪ್ರಶ್ನೆ, "ನೀವು ಯಾವ ಪೈಕಿ?" ಅದಕ್ಕೆ ಉತ್ತರ ಕೊಟ್ಟು ಮುಂದೆ ಸಾಗಿದರೆ, "ಫ್ಯಾಮಿಲಿಗೆ ಕೊಡೂದಿಲ್ಲರಿ, ನೀರು ಭಾಳ ಹತ್ತತದ." ನಳ ವಾರಕ್ಕೊಮ್ಮೆ ಬರುತ್ತಿದ್ದ ಕಾಲ, ಒಪ್ಪೋಣ. ಆದರೆ ಒಂದೊಂದು ಕೋಣೆಯಲ್ಲಿ ನಾಲ್ಕು ನಾಲ್ಕು ಹುಡುಗರನ್ನು ತುಂಬಿಕೊಂಡವರಿಗೆ ಆ ಹುಡುಗರ ನೀರು ಲೆಕ್ಕಕ್ಕೆ ಬರುತ್ತಿರಲಿಲ್ಲ, ತಲೆಗೊಂದರಂತೆ ಬರುವ ಬಾಡಿಗೆ ಮಾತ್ರ ಬರುತ್ತಿತ್ತು. ನಮ್ಮ ಹಿಂದಿನ ಓಣಿಯ ಒಬ್ಬ ನಿವೃತ್ತ ಪ್ರಾಧ್ಯಾಪಕರ ಹೆಂಡತಿ ಬಹಳ ಮೆದುವಾಗಿ ಹೇಳಿದರು:

"ನಿನ್ನ ರೊಟ್ಟಿ ಛಲೋ ಇರ್ತಾವ ರುಕ್ಮವ್ವಾ, ನಮ್ಮವರು ಅದನ್ನ ಬಿಟ್ಟು ಬ್ಯಾರೆ ತಿನ್ನಂಗಿಲ್ಲ. ಆದ್ರ ನಸುಕಿನಾಗ ಬಡೀತಿ ನೋಡು, ಆ ಸಪ್ಪಳ ನಮಗ ಆಗೂದಿಲ್ಲ."

ರುಕ್ಮವ್ವ ಹೊರಗೆ ಬಂದು, "ಮದಿಹಾಳದಾಗ ಬಡದ್ರ ಇವರ ಹೊಟ್ಟಿಗೆ ಕೇಳಂಗಿಲ್ಲೇನ್ರಿ?" ಅಂದಳು.

ಆಗ ಉಳಿದದ್ದು ಧರ್ಮನಿವಾಸ. ತುಂಗಾಬಾಯಿ ಎಂಬ ವಿಧವೆ ಎಷ್ಟೋ ವರ್ಷಗಳ ಹಿಂದೆ ಸಪ್ತಾಪುರದಲ್ಲಿ ಎಂಟು ಮನೆ ಕಟ್ಟಿಸಿ ಒಂದು ಸಂಸ್ಥೆಗೆ ಬಿಟ್ಟು ಹೋಗಿದ್ದಳು. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಸ್ವಂತದ ಬಚ್ಚಲು, ಪಾಯಖಾನೆ. ಬಾಡಿಗೆ ಇಲ್ಲವೆನ್ನುವಷ್ಟು ಕಡಿಮೆ. ಬಡವರಾದ, ಮರ್ಯಾದಸ್ಥರಾದ, ಓದುವ ಮಕ್ಕಳಿರುವ ಕುಟುಂಬಗಳಿಗೆ ಕೊಡಬೇಕೆಂದು ದಾನಪತ್ರದಲ್ಲಿ ಬರೆಸಿದ್ದಳು. ಆ ತಾಯಿಯ ಬಗ್ಗೆ ನನಗೆ ಗೌರವವಿದೆ. ಬಡತನವನ್ನೂ ಮರ್ಯಾದೆಯನ್ನೂ ಪರೀಕ್ಷೆ ಮಾಡಲು ಒಂದು ಕಮಿಟಿ ಬೇಕಾಗುತ್ತದೆ, ಆ ಕಮಿಟಿಯಲ್ಲಿ ಪಂಢರಿನಾಥರು ಇರುತ್ತಾರೆ ಎಂದು ಆಕೆಗೆ ಹೇಗೆ ಗೊತ್ತಾಗಬೇಕು?

ತೊಂಬತ್ತೈದರಲ್ಲಿ ಒಂದು ಮನೆ ಖಾಲಿಯಾಯಿತು. ರುಕ್ಮವ್ವನ ಪರವಾಗಿ ನಾನೇ ಅರ್ಜಿ ಬರೆದುಕೊಟ್ಟೆ. ಕಮಿಟಿಯವರು ಬರುವ ರವಿವಾರ ಮನೆ ನೋಡಲು ಬರುತ್ತಾರೆಂದು ತಿಳಿಸಿದರು. ನಾನು ಆ ವಾರ ಅವ್ವನನ್ನು ಕರೆದುಕೊಂಡು ಬೆಳಗಾವಿಗೆ ಹೋಗಿದ್ದೆ.

ಮದಿಹಾಳದ ಆ ಸಾಲಿನಲ್ಲಿ ಒಂದು ರೂಢಿ ಇತ್ತು. ಯಾರ ಮನೆಗಾದರೂ ದೊಡ್ಡವರು ಬರುತ್ತಾರೆಂದರೆ ಇಡೀ ಸಾಲಿನ ಒಳ್ಳೊಳ್ಳೆಯ ಸಾಮಾನೆಲ್ಲ ಆ ಮನೆಗೆ ಹೋಗುತ್ತಿತ್ತು. ಬಂದವರು ನೆಲದ ಮೇಲೆ ಕೂತು ಹೋದರೆ ಅದು ಒಬ್ಬರ ಅವಮಾನವಲ್ಲ, ಸಾಲಿಗೇ ಅವಮಾನ. ಕೇಳಬೇಕಾಗಿಯೂ ಇರಲಿಲ್ಲ. ಪಕ್ಕದ ಮನೆಯ ಶಹಜಹಾನಬೇಗಂ ಮಗಳ ಮದುವೆಯಲ್ಲಿ ಬಂದಿದ್ದ ಜಮಖಾನೆ ಹಾಸಿಕೊಟ್ಟಳು, ಬಂಗಾರದ ಅಂಚಿನ ಕಪ್ಪು-ಬಸಿಗಳನ್ನು ತಂದಿಟ್ಟಳು. ಎದುರಿನವರಿಂದ ನಾಲ್ಕು ಮಡಚುವ ಕುರ್ಚಿ ಬಂದವು. ವಿದ್ಯುತ್ ಇಲಾಖೆಯ ಗಂಗಪ್ಪ ತನ್ನ ಟಿವಿಯನ್ನು ಹೊತ್ತುಕೊಂಡು ಬಂದು ಗೂಡಿನಲ್ಲಿ ಇಟ್ಟ.

"ಟಿವಿ ಹಚ್ಚಬ್ಯಾಡ್ರಿ, ಬರೇ ಇರಲಿ. ಶೋಭಾಕ್ಕ."

ಕಮಿಟಿಯವರು ಮೂವರು ಬಂದರು. ಪಂಢರಿನಾಥರು, ನಿವೃತ್ತ ಮುಖ್ಯಾಧ್ಯಾಪಕಿ ಸುಲಭಾಬಾಯಿ, ಮತ್ತೆ ಎಲ್ಲಿ ಕೂರಿಸಿದರೂ ನಿದ್ದೆ ಹೋಗುವ ಒಬ್ಬ ಹಿರಿಯರು. ರುಕ್ಮವ್ವ ಅವಲಕ್ಕಿ ಹಚ್ಚಿದ್ದಳು, ಮಿರ್ಚಿಭಜಿ ಕರಿದಿದ್ದಳು, ಪೇಢೆ ತರಿಸಿದ್ದಳು. ಮೂವರೂ ತಿಂದರು. ಭಜಿಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಬಂಗಾರದಂಚಿನ ಕಪ್ಪಿನಲ್ಲಿ ಚಹಾ ಕುಡಿದರು. ಸುಲಭಾಬಾಯಿ ಜಮಖಾನೆಯ ನೇಯ್ಗೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಛಲೋ ಅದ ಅಂದರಂತೆ. ಆ ಮಾತು ಕೇಳಿ ಮನೆ ಸಿಕ್ಕೇಬಿಟ್ಟಿತೆಂದು ರುಕ್ಮವ್ವ ಸಾಲಿಗೆಲ್ಲ ಉಳಿದ ಪೇಢೆ ಹಂಚಿದಳು.

ಉತ್ತರ ಒಂದೇ ಸಾಲಿನಲ್ಲಿ ಬಂತು. ಅರ್ಜಿದಾರರು ಸ್ಥಿತಿವಂತರಾದ ಕಾರಣ ಪರಿಗಣಿಸಲಾಗಿಲ್ಲ.

ನಾನು ಬೆಳಗಾವಿಯಿಂದ ಬಂದು ವಿಷಯ ಕೇಳಿ ರುಕ್ಮವ್ವನನ್ನು ಪಂಢರಿನಾಥರ ಮನೆಗೆ ಕರೆದುಕೊಂಡು ಹೋದೆ. ಅವರು ಪಡಸಾಲೆಯ ಜೋಕಾಲಿಯ ಮೇಲೆ ಕೂತಿದ್ದರು. ನನಗೆ ಕುರ್ಚಿ ತೋರಿಸಿದರು. ರುಕ್ಮವ್ವ ಮೆಟ್ಟಿಲ ಮೇಲೆ ನಿಂತಳು.

"ಸಾಹೇಬ್ರ, ಅವು ನಮ್ಮ ಸಾಮಾನ ಅಲ್ರಿ. ಓಣ್ಯಾಗ ಮಂದಿ ಕಡೆ ಇಸಗೊಂಡ ತಂದದ್ದರಿ."

"ಟಿವಿ?"

"ಗಂಗಪ್ಪಂದರಿ."

"ಆ ಕಪ್ಪು?"

"ಶಹಜಹಾನಬೇಗಂದರಿ."

ಪಂಢರಿನಾಥರು ಜೋಕಾಲಿ ನಿಲ್ಲಿಸಿದರು. ಅವರ ಮುಖದಲ್ಲಿ ಒಂದು ಬಗೆಯ ದುಃಖ ಕಂಡಿತು. "ಅಂದ್ರ ನೀನು ಕಮಿಟಿಗೆ ಸುಳ್ಳು ತೋರಿಸಿದಿ ಅಂತಾತು."

"ಸುಳ್ಳಲ್ರಿ, ನೀವು ಬರತೀರಿ ಅಂತ..."

"ನೋಡ್ರಿ ರಜನಿಬಾಯಿ," ಅವರು ನನ್ನ ಕಡೆ ತಿರುಗಿದರು. ಬಡವರ ವಿಷಯವನ್ನು ಬಡವರೊಡನೆ ಮಾತಾಡುವುದು ಅವರಿಗೆ ಒಗ್ಗುತ್ತಿರಲಿಲ್ಲ. "ಸಾಮಾನು ಈಕಿದು ಆದ್ರ ಈಕಿ ಬಡವಿ ಅಲ್ಲ. ಈಕಿದು ಅಲ್ಲಾಂದ್ರ ಮರ್ಯಾದಸ್ಥಳು ಅಲ್ಲ. ನಾ ಏನು ಮಾಡಲಿ, ನೀವ ಹೇಳ್ರಿ."

"ಭಜಿ ತಿನ್ನುವಾಗ ಇದು ನಿಮ್ಮ ತಲಿಗೆ ಬಂದಿದ್ರ ಛಲೋ ಇತ್ತು" ಎಂದೆ ನಾನು. ಅವರು ನಕ್ಕರು. ಸಪ್ತಾಪುರದಲ್ಲಿ ಹೆಂಗಸರ ಸಿಟ್ಟನ್ನು ವಿನೋದವೆಂದು ತೆಗೆದುಕೊಳ್ಳುವುದು ಸಂಸ್ಕೃತಿ.

ಆ ಮನೆ ಯಾರಿಗೆ ಸಿಕ್ಕಿತು? ಒಬ್ಬ ಗೃಹಸ್ಥನಿಗೆ. ಅವನ ಖಾಸಾ ಅಣ್ಣನಿಗೆ ಮೂರು ಅಂತಸ್ತಿನ ಕಟ್ಟಡವಿತ್ತು. ಕಮಿಟಿ ಬರುವ ಮುನ್ನ ಅವನು ತನ್ನ ಸೋಫಾ ಅಲಮಾರಿಗಳನ್ನು ಅಣ್ಣನಲ್ಲಿ ಇಟ್ಟು, ಗೋಡೆಗೆ ಒಂದು ಹರಕು ಕೌದಿ ನೇತುಹಾಕಿ, ಹೆಂಡತಿಗೆ ಕೆಮ್ಮಲು ಹೇಳಿದ್ದನಂತೆ. ಮನೆ ಸಿಕ್ಕ ಮೇಲೆ ಅವನೇ ನಗುನಗುತ್ತ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಕಮಿಟಿಯವರ ಕಿವಿಗೂ ಬಿತ್ತು. ಅವರೂ ನಕ್ಕರು. ಬಡವರಂತೆ ನಟಿಸುವವರು ಅವರಿಗೆ ಅರ್ಥವಾಗುತ್ತಿದ್ದರು, ಬಡವರು ಅರ್ಥವಾಗುತ್ತಿರಲಿಲ್ಲ.

ಮತ್ತೊಂದು ಮನೆ ಖಾಲಿಯಾಗಲು ತೊಂಬತ್ತೆಂಟು ಬರಬೇಕಾಯಿತು. ಅಷ್ಟರಲ್ಲಿ ಗೀತಾಂಜಲಿ ಹತ್ತನೆಯ ಇಯತ್ತೆ. ಎರಡು ಸಲ ಮೂತ್ರದ ಸೋಂಕಿನಿಂದ ಜ್ವರ ಬಂದು ಮಲಗಿದ್ದಳು. ಡಾಕ್ಟರು, ನೀರು ಹೆಚ್ಚು ಕುಡಿಸಿ ಎಂದು ಹೇಳಿ ಕಳಿಸಿದ್ದರು. ಶಾಲೆ ಬಿಡಿಸಿ ಮುಗದದ ಅಜ್ಜಿಯ ಕಡೆ ಕಳಿಸುವ ಮಾತು ಕಲ್ಲೇಶನ ಬಾಯಲ್ಲಿ ಬಂದಿತ್ತು. ಅವನ ಬಾಯಲ್ಲಿ ಮಾತು ಬಂತೆಂದರೆ ಅದು ನಡೆದಂತೆಯೇ.

ನಾನು ರುಕ್ಮವ್ವನಿಗೆ ಹೇಳಿದೆ. "ಈ ಸಲ ಏನೂ ತರಬ್ಯಾಡ. ಕುರ್ಚಿ ಬ್ಯಾಡ, ಜಮಖಾನಿ ಬ್ಯಾಡ. ಬರೇ ಮನಿ ತೋರಸು."

"ಕೂಡ್ರಿ ಅನ್ನಾಕರ ಒಂದ ಏನರ ಬೇಕಲ್ಲರಿ?"

"ಅನ್ನಬ್ಯಾಡ."

"ಚಾ?"

"ಅದೂ ಬ್ಯಾಡ."

"ನೀವು ಓದಿದ ಪುಸ್ತಕದಾಗಿನ ಮಂದಿ ಹಂಗ ಆಗತೀವಲ್ಲರಿ" ಅಂದಳು. ಆದರೂ ಒಪ್ಪಿದಳು. ಸಾಲಿನವರಿಗೆಲ್ಲ ಹೇಳಿದಳು, ಈ ಸಲ ಯಾರೂ ಏನೂ ತರಬ್ಯಾಡ್ರಿ ಎಂದು. ಶಹಜಹಾನಬೇಗಂಗೆ ಮಾತ್ರ ಹೇಳಲಾಗಲಿಲ್ಲ. ಆಕೆ ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಳು.

ಕಮಿಟಿ ಬಂದ ದಿನ ನಾನು ಅಲ್ಲಿದ್ದೆ. ಖಾಲಿ ಕೋಣೆ. ನೆಲ ಸಾರಿಸಿತ್ತು, ಅದನ್ನು ಬಿಡು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮೂವರೂ ನಿಂತರು. ನಿದ್ದೆಯ ಹಿರಿಯರು ಕುರ್ಚಿಗಾಗಿ ಸುತ್ತ ನೋಡಿ, ಸಿಗದೆ, ಮೊದಲ ಸಲ ಪೂರ್ತಿ ಎಚ್ಚರವಾಗಿದ್ದರು. ರುಕ್ಮವ್ವ ಗೋಡೆಗೆ ಒರಗಿ ನಿಂತಿದ್ದಳು. ಬಂದವರಿಗೆ ಬರ್ರಿ ಅಂದಿದ್ದಳು, ಮುಂದಿನ ಮಾತು ನುಂಗಿಕೊಂಡಿದ್ದಳು. ಪಂಢರಿನಾಥರು ಮಗಳ ಅಂಕಗಳನ್ನು ಕೇಳಿದರು. ಸುಲಭಾಬಾಯಿ ಅಡುಗೆಯ ಮೂಲೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡಿದರು.

ಆಗ ಬಾಗಿಲಲ್ಲಿ ಶಹಜಹಾನಬೇಗಂ ಕಾಣಿಸಿದಳು. ಮಧ್ಯಾಹ್ನದ ಬಸ್ಸಿಗೆ ಹುಬ್ಬಳ್ಳಿಯಿಂದ ಬಂದಿದ್ದಳು. ಮಂದಿ ಬಂದದ್ದನ್ನೂ ಕೋಣೆ ಖಾಲಿ ಇದ್ದದ್ದನ್ನೂ ಕಂಡು, ಬುರ್ಖಾ ಕೂಡ ತೆಗೆಯದೆ ಚಹಾ ಮಾಡಿಕೊಂಡು ಓಡಿ ಬಂದಿದ್ದಳು. ಕೈಯಲ್ಲಿ ತಾಟು, ತಾಟಿನಲ್ಲಿ ಬಂಗಾರದಂಚಿನ ಕಪ್ಪುಗಳು.

"ಅರೆ ರುಕ್ಮವ್ವಾ, ದೊಡ್ಡ ಮಂದಿ ಬಂದಾರ, ಒಂದು ಮಾತು ಹೇಳಬಾರ್ದೇನ? ನಿಂದೂ ಒಂದು ಕಥಿ! ತಗೋರಿ ಸಾಹೇಬ್ರ, ಬಿಸಿ ಅದಾವು."

ಸುಲಭಾಬಾಯಿ ಮುಚ್ಚಳ ಹಿಡಿದುಕೊಂಡೇ ತಿರುಗಿದರು. "ಈ ಕಪ್ಪು ನೋಡಿದಂಗ ಅದಲ್ಲಾ?"

ಪಂಢರಿನಾಥರು ರುಕ್ಮವ್ವನನ್ನು ಕೇಳಿದರು. "ಯಾರು ಈಕಿ? ನಿನ್ನ ಕಡಿಯಾಕಿನ?"

ಗೀತಾಂಜಲಿ ಮೂಲೆಯಲ್ಲಿ ನಿಂತಿದ್ದಳು. ರುಕ್ಮವ್ವ ಮಗಳ ಕಡೆ ನೋಡಿದಳು. ಆಮೇಲೆ ಯಾರ ಕಡೆಯೂ ನೋಡಲಿಲ್ಲ.

"ಯಾರೋ ಏನೋರಿ. ಓಣ್ಯಾಗಿನಾಕಿ." ನಂತರ ಬಾಗಿಲ ಕಡೆಗೆ, ನಾನು ಅವಳಿಂದ ಎಂದೂ ಕೇಳದ ಒಂದು ದನಿಯಲ್ಲಿ, "ಒಯ್ಯಿ ಅದನ್ನ. ಇಲ್ಲಿ ಯಾರೂ ಕೇಳಿಲ್ಲ."

ಶಹಜಹಾನಬೇಗಂ ತಾಟು ಹಿಡಿದುಕೊಂಡೇ, ಹೊಸ್ತಿಲು ನೋಡಿಕೊಂಡು ಮೆಲ್ಲಗೆ ಹಿಂದಕ್ಕೆ ಇಳಿದು ಹೋದಳು.

ಹೊರಬಿದ್ದ ಮೇಲೆ ಸುಲಭಾಬಾಯಿ ನನಗೆ ಹೇಳಿದರು. "ಈ ಸಲ ಖರೇ ಬಡತನ ಕಾಣ್ತು ನೋಡ್ರಿ. ಒಂದು ಹನಿ ನೀರೂ ಕೊಡಲಿಲ್ಲ." ಅವರಿಗೆ ಅವಮಾನವಾಗಿತ್ತು, ಆ ಅವಮಾನವನ್ನೇ ಅವರು ರುಕ್ಮವ್ವನ ಬಡತನದ ಪುರಾವೆ ಎಂದು ಒಪ್ಪಿಕೊಂಡರು. ಮನೆ ಮಂಜೂರಾಯಿತು.

ಹೊಸ ಮನೆಗೆ ಬಂದ ದಿನ ಗೀತಾಂಜಲಿ ಹಿಂದಿನ ಬಾಗಿಲಿಂದ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡು ಹೊರಗೆ ಬರಲೇ ಇಲ್ಲ. ಒಳಗಿಂದ ಹಾಡು ಕೇಳಿಸುತ್ತಿತ್ತು. "ಹೊರಗ ಬಾರ ಮಾರಾಯ್ತಿ, ನಿಮ್ಮಪ್ಪ ಚರಿಗಿ ಹಿಡಕೊಂಡು ನಿಂತಾನ" ಎಂದು ರುಕ್ಮವ್ವ ಕೂಗಿದಳು. ಕಲ್ಲೇಶ ನಿಜವಾಗಿಯೂ ನಿಂತಿದ್ದ. ನಗುತ್ತಿದ್ದ. ನಾನು ಅವನ ಹಲ್ಲು ನೋಡಿದ್ದು ಅಂದೇ. ರುಕ್ಮವ್ವ ಮಾತ್ರ ಆ ದಿನ ಸಾಮಾನು ಹೊಂದಿಸಿದ ಮೇಲೆ ನಮ್ಮ ಕಟ್ಟೆಗೆ ಬಂದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬೇಗಂ ಎಂದಳು, ಅಷ್ಟೇ.

ಅವಳು ಪ್ರತಿ ವಾರ ಮದಿಹಾಳಕ್ಕೆ ಹೋಗುತ್ತಿದ್ದಳು. ಮೊದಲು ಬೇಗಂ ಬಾಗಿಲು ತೆಗೆದರೂ ಮಾತಾಡುತ್ತಿರಲಿಲ್ಲ. ಎಷ್ಟೋ ವಾರಗಳ ಮೇಲೆ ಒಂದು ಮಾತು ಆಡಿದಳಂತೆ. "ಚಾ ಬ್ಯಾಡ ಅಂದದ್ದಕ್ಕ ಸಿಟ್ಟಿಲ್ಲ. ನಿನ್ನ ಮಗಳ ಮಾರಿ ನಾನೂ ನೋಡಿದ್ಯಾ. ಆದ್ರ ಯಾರೋ ಏನೋ ಅಂದಿ." ಅದಕ್ಕೆ ರುಕ್ಮವ್ವ ಏನು ಹೇಳಿದಳು ಎಂದು ನಾನು ಕೇಳಿದೆ. "ಹೇಳಾಕ ಏನೈತ್ರಿ? ಆಕಿ ಕಾಳ ಹಸನ ಮಾಡಾಕತ್ತಿದ್ಲು, ನಾನೂ ಒಂದ ಮೊರ ತಗೊಂಡು ಕುಂತೆ" ಅಂದಳು.

ಧರ್ಮನಿವಾಸದ ಬಾಳು ಹೊರಗಿನಿಂದ ಕಂಡಷ್ಟು ಸುಖದ್ದಲ್ಲ. ವರ್ಷಕ್ಕೊಮ್ಮೆ, ತುಂಗಾಬಾಯಿಯ ಪುಣ್ಯತಿಥಿಯ ದಿನ, ಕಮಿಟಿ ಎಂಟೂ ಮನೆಗಳನ್ನು ಹೊಕ್ಕು ಇವರು ಇನ್ನೂ ಬಡವರೇ ಎಂದು ಖಾತ್ರಿ ಮಾಡಿಕೊಳ್ಳುತ್ತಿತ್ತು. ಅದರ ಹಿಂದಿನ ದಿನ ಸಪ್ತಾಪುರದ ಓಣಿಗಳಲ್ಲಿ ಫ್ರಿಜ್ಜು, ಟಿವಿ, ಮಿಕ್ಸರು, ಹೊಲಿಗೆ ಯಂತ್ರಗಳ ಮೆರವಣಿಗೆ. ಮದಿಹಾಳದಲ್ಲಿ ಸಾಮಾನುಗಳು ಮನೆಯೊಳಗೆ ಬರುತ್ತಿದ್ದವು, ಇಲ್ಲಿ ಹೊರಗೆ ಹೋಗುತ್ತಿದ್ದವು. ನಮ್ಮ ಪಡಸಾಲೆಯೂ ಒಂದು ದಿನದ ಮಟ್ಟಿಗೆ ಅಂಗಡಿಯಾಗುತ್ತಿತ್ತು. ಕಮಿಟಿಯವರು ನಮ್ಮ ಮನೆಯ ಮುಂದಿನಿಂದಲೇ ನಡೆದು ಹೋಗಬೇಕಿತ್ತು. ಕಿಟಕಿಯಲ್ಲಿ ನಾಲ್ಕು ಟಿವಿಗಳನ್ನು ಕಂಡು ಪಂಢರಿನಾಥರು ನನಗೆ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದರು.

ಗೀತಾಂಜಲಿ ಓದಿದಳು. ನರ್ಸಿಂಗ್ ಮುಗಿಸಿದಳು. ಎರಡು ಸಾವಿರದ ಮೂರರಲ್ಲಿ ಅವಳಿಗೆ ಗದಗಿನ ಒಂದು ಆಸ್ಪತ್ರೆಯಲ್ಲಿ ನೌಕರಿ ಸಿಕ್ಕಿತು. ಅದಾದ ತಿಂಗಳಲ್ಲಿ ರುಕ್ಮವ್ವ ನನ್ನನ್ನು ಕರೆದುಕೊಂಡು ಪಂಢರಿನಾಥರ ಮನೆಗೆ ಹೋದಳು. ಈ ಸಲ ಅವಳು ಮೆಟ್ಟಿಲ ಮೇಲೆ ನಿಲ್ಲಲಿಲ್ಲ. ಪಡಸಾಲೆಗೆ ಬಂದು ಕೀಲಿಕೈಯನ್ನು ಜೋಕಾಲಿಯ ಮೇಲೆ, ಅವರ ಪಕ್ಕದಲ್ಲಿಟ್ಟಳು.

"ಏನಿದು?"

"ಮನಿ ಬಿಡತೇನ್ರಿ. ಓದೂ ಮಕ್ಕಳಿಲ್ಲರಿ ಈಗ ನಮಗ."

ಪಂಢರಿನಾಥರು ಗಾಬರಿಯಾದರು. ಇಷ್ಟು ವರ್ಷದಲ್ಲಿ ಯಾರೂ ತಾವಾಗಿ ಮನೆ ಬಿಟ್ಟಿರಲಿಲ್ಲ. ಹೆಣಗಳು ಬಿಟ್ಟಿದ್ದವು, ಕೋರ್ಟು ಬಿಡಿಸಿತ್ತು. "ಏನರ ತಕರಾರು ಅದ ಏನು?"

"ತಕರಾರಿಲ್ಲರಿ. ಒಂದ ಮಾತೈತಿ. ಶಹಜಹಾನಬೇಗಂ ಅಂತ ಅದಾಳ್ರಿ ಮದಿಹಾಳದಾಗ. ಆಕಿ ಮಗಳು ತೀರಿಕೊಂಡ್ಲು, ಮೊಮ್ಮಗಳು ಆಕಿ ಕಡೆನ ಬಂದೈತಿ. ಏಳನೇತ್ತಾ. ಆ ಸಂಡಾಸದ ಬಾಗಲಾ ಇನ್ನೂ ಹಂಗ ಐತ್ರಿ. ಈ ಮನಿ ಅವರಿಗೆ ಕೊಡ್ರಿ. ಬಡವರದಾರ, ನೀವು ಬಂದ ನೋಡ್ರಿ ಬೇಕಾದ್ರ."

"ದಾನಪತ್ರದಾಗ..." ಎಂದರು ಪಂಢರಿನಾಥರು.

"ದಾನಪತ್ರದಾಗ ಜಾತಿ ಬರದ್ದಿಲ್ಲ," ನಾನು ಹೇಳಿದೆ. "ಓದೀನಿ ನಾ."

"ಬರದಿಲ್ಲರಿ, ಖರೇ. ಆದ್ರ ಒಂದು ಪದ್ಧತಿ ಅಂತ ಇರ್ತದ. ಉಳಿದ ಏಳು ಮನಿಯವರು ಏನಂದಾರು?" ಅವರ ದನಿ ಬಹಳ ಮೃದುವಾಗಿತ್ತು. "ನನಗೇನೂ ಇಲ್ಲ ನೋಡ್ರಿ. ನಮ್ಮ ಮನಿಗೆ ಈದಿಗೆ ಶಿರಕುರ್ಮಾ ಬರ್ತದ."

ರುಕ್ಮವ್ವ ಕೈ ಚಾಚಿ ಕೀಲಿಕೈ ತೆಗೆದುಕೊಂಡಳು. "ಹಂಗಾರ ನಾನ ಇರತೇನ್ರಿ" ಅಂದು ಮೆಟ್ಟಿಲು ಇಳಿದಳು.

ಮುಂದಿನ ವಾರ ರುಕ್ಮವ್ವನ ಮನೆಗೇ ನಸೀಮಾ ಬಂದಳು, ಬೇಗಂಳ ಮೊಮ್ಮಗಳು. ಒಂದು ಚೀಲ ಬಟ್ಟೆ, ಒಂದು ಚೀಲ ಪುಸ್ತಕ. ಆ ವರ್ಷದ ಪುಣ್ಯತಿಥಿಗೆ ಕಮಿಟಿ ಬಂದಾಗ ಹುಡುಗಿಯನ್ನು ರಜನಿಬಾಯಿಯ ಮನೆಗೆ ಕಳಿಸು ಎಂದು ಉಳಿದ ಏಳು ಮನೆಯವರಲ್ಲಿ ಇಬ್ಬರು ಬಂದು ಸಲಹೆ ಕೊಟ್ಟರು, ಟಿವಿಗಳ ಜೊತೆ. ರುಕ್ಮವ್ವ ಅವಳನ್ನು ಮುಂದಿನ ಕೋಣೆಯಲ್ಲೇ ಕೂರಿಸಿ ಓದಲು ಹಚ್ಚಿದಳು.

ಸುಲಭಾಬಾಯಿ ಕೇಳಿದರು. "ಈ ಹುಡುಗಿ ಯಾರು?"

"ನಸೀಮಾರಿ. ಶಹಜಹಾನಬೇಗಂನ ಮೊಮ್ಮಗಳು. ಶಹಜಹಾನಬೇಗಂ ಅಂದ್ರ ನನ್ನ ಗೆಳತಿರಿ. ಅವತ್ತ ನಿಮಗ ಚಾ ತಂದಿದ್ಲಲ್ಲರಿ, ಆಕಿ."

"ಕುಟುಂಬದವರು ಅಲ್ಲದವರು ಇಲ್ಲಿ ಇರೂ ಹಾಂಗಿಲ್ಲ."

"ಹಂಗಂತ ಬರದ ಕೊಡ್ರಿ. ಯಾರು ಇರಬಾರದು, ಯಾಕ ಇರಬಾರದು, ಎಲ್ಲಾ ಬರದ ಕೊಡ್ರಿ. ಬಾಯಾರ ಕಡೆ ಓದಿಸಿಕೋತೇನಿ."

ಯಾರೂ ಬರೆದುಕೊಡಲಿಲ್ಲ. ಬರೆಯಬೇಕೆಂದರೆ ಕಾರಣವನ್ನು ಬರೆಯಬೇಕು, ಬರೆದದ್ದರ ಕೆಳಗೆ ಸಹಿ ಹಾಕಬೇಕು. ಸುಸಂಸ್ಕೃತರ ಧೈರ್ಯ ಅಷ್ಟು ದೂರ ಬರುವುದಿಲ್ಲ. ಅವರು ಬೇರೆ ದಾರಿ ಹಿಡಿದರು. ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಿದ್ದವರು ಅಂದಿನಿಂದ ಆ ಹುಡುಗಿಯನ್ನು ನೋಡುವುದನ್ನು ಬಿಟ್ಟರು. ಪ್ರತಿ ವರ್ಷ ಬಂದರು, ಮಂಚ ನೋಡಿದರು, ಒಲೆ ನೋಡಿದರು, ನಸೀಮಾ ಕೂತಿದ್ದ ಜಾಗದ ಮೇಲಿನ ಗೋಡೆ ನೋಡಿದರು, ಹೋದರು.

ಹೋದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ರುಕ್ಮವ್ವ ಎದೆ ಹಿಡಿದುಕೊಂಡು ಕೂತಳು. ಆಟೋದಲ್ಲಿ ನಾನೂ ನಸೀಮಾಳೂ ನಡುವೆ ಹಿಡಿದುಕೊಂಡಿದ್ದೆವು. ಅವಳ ಬೆರಳುಗಳಲ್ಲಿ ಹಿಟ್ಟು ಇನ್ನೂ ಹಸಿಯಾಗಿತ್ತು. ಆಸ್ಪತ್ರೆಯ ತನಕ ಜೀವ ಉಳಿಯಲಿಲ್ಲ. ಆಮೇಲೆ ನಾನು ಓದಿದ ಯಾವ ಪುಸ್ತಕವನ್ನೂ ಯಾರಿಗೂ ಹೇಳಿಲ್ಲ.

ಶೋಕಸಭೆಯಾದ ವಾರವೇ ಪಂಢರಿನಾಥರು ಕಲ್ಲೇಶನ ಬಳಿ ಬಂದರು. ಗೀತಾಂಜಲಿ ಗದಗಿಗೆ ಮರಳಿದ್ದಳು. ನಾನು ಅವನಿಗೆ ಊಟ ತಂದಿದ್ದೆ. ಪಂಢರಿನಾಥರು ಬಾಗಿಲಲ್ಲೇ ನಿಂತು, ಬಾಡಿಗೆ ರುಕ್ಮವ್ವನ ಹೆಸರಿನಲ್ಲಿತ್ತು, ಇನ್ನು ಮನೆಯ ವ್ಯವಸ್ಥೆ ನೋಡಬೇಕಾಗುತ್ತದೆ, ಅವಸರವೇನೂ ಇಲ್ಲ, ತಿಂಗಳ ಕೊನೆಗೆ ಬಿಟ್ಟರೆ ಸಾಕು ಎಂದರು. ಕಲ್ಲೇಶ ಕೇಳಿಸಿಕೊಂಡ.

"ಹುಡುಗಿ ಪರೀಕ್ಷಾ ಐತ್ರಿ" ಅಂದ.

"ಯಾವ ಹುಡುಗಿ?"

ಕಲ್ಲೇಶ ಎದ್ದು ಒಳಗೆ ಹೋದ. ನಸೀಮಾಳ ರಟ್ಟೆ ಹಿಡಿದು ಹೊರಗೆ ತಂದು ಅವರ ಎದುರಿಗೆ, ಒಂದು ಮಾರಿನಷ್ಟೂ ದೂರವಿಲ್ಲದಂತೆ ನಿಲ್ಲಿಸಿದ. ಅವಳ ಕೈಯಲ್ಲಿ ಗಣಿತದ ಪುಸ್ತಕವಿತ್ತು, ಬೆರಳು ಒಂದು ಪುಟದಲ್ಲಿ ಸಿಕ್ಕಿಸಿದಂತೆಯೇ ಇತ್ತು.

"ಈಕಿ" ಅಂದ ಕಲ್ಲೇಶ. "ನೋಡ್ರಿ."

ಪಂಢರಿನಾಥರು ಗೋಡೆ ನೋಡಲು ಪ್ರಯತ್ನಿಸಿದರು. ಕಲ್ಲೇಶ ಗೋಡೆಗೆ ಅಡ್ಡ ನಿಂತಿದ್ದ. ದಿನವೂ ಹಿಟ್ಟಿನ ಚೀಲ ಹೊತ್ತ ಮನುಷ್ಯ, ಅಗಲವಾಗಿದ್ದ. ಕೊನೆಗೆ ಅವರು ಹುಡುಗಿಯ ಮುಖ ನೋಡಿದರು.

"ಎಂದಿಂದ ಪರೀಕ್ಷಾ?" ಎಂದರು.

"ಮಾರ್ಚನ್ಯಾಗರಿ" ಎಂದಳು ನಸೀಮಾ.

"ಹೂಂ. ಛಲೋ ಓದು" ಎಂದು ಚಪ್ಪಲಿ ಹಾಕಿಕೊಂಡರು.

ಮತ್ತೆ ಬಂದಿಲ್ಲ. ಮಾರ್ಚ್ ಮುಗಿಯಿತು, ಫಲಿತಾಂಶವೂ ಬಂತು. ಕಲ್ಲೇಶ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾನೆ. ರಸೀದಿಯನ್ನು ಸಂಸ್ಥೆಯವರು ಈಗಲೂ ರುಕ್ಮವ್ವನ ಹೆಸರಿಗೇ ಹರಿದು ಕೊಡುತ್ತಾರೆ. ಹೆಸರು ಬದಲಿಸಬೇಕೆಂದರೆ ಅಲ್ಲಿ ಯಾರಿದ್ದಾರೆಂದು ಬರೆಯಬೇಕಲ್ಲ. ಶಾಲು ಹೊದ್ದು ಶೋಕ ಆಚರಿಸಿದವರೇ ಅವಳನ್ನು ಕಾಗದದ ಮೇಲೆ ಬದುಕಿಸಿ ಇಟ್ಟಿದ್ದಾರೆ. ಇರಲಿ. ಈ ಜೂನಿನಲ್ಲಿ ನಸೀಮಾ ಪಿಯುಸಿಗೆ ಸೇರಿದಳು. ಕಾಲೇಜು ಆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ.